ಏಪ್ರಿಲ್ 24: ಕಂಪನಿ ನಾಟಕದಿಂದ ಎದ್ದ ದನಿ

ಎಲ್ಲರಿಗೂ ನಮಸ್ಕಾರ. ಧಾರವಾಡದ ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥದ್ರಲ್ಲೂ ಇಷ್ಟು ಜನ ಬಂದಿದ್ದೀರಿ. ಹಾಡಿನ ಮೇಲಿನ ಪ್ರೀತಿ ಇಲ್ಲದೆ ಯಾರೂ ಹೀಗೆ ಬರುವುದಿಲ್ಲ.

ಇವತ್ತು ಏಪ್ರಿಲ್ 24. ನಮ್ಮ ಮಟ್ಟಿಗೆ ಇದು ರಾಜಕುಮಾರ್ ಹುಟ್ಟಿದ ದಿನ. 1929ರಲ್ಲಿ, ಗಾಜನೂರಿನಲ್ಲಿ. ಆದರೆ ಇದೇ ದಿನಕ್ಕೆ ಇನ್ನೂ ಎರಡು ಎಳೆ ಅಂಟಿಕೊಂಡಿವೆ. 1942ರ ಏಪ್ರಿಲ್ 24ರಂದು ಪುಣೆಯಲ್ಲಿ ಮರಾಠಿ ರಂಗಭೂಮಿಯ ಹಾಡುಗಾರ ನಟ ಮಾಸ್ಟರ್ ದೀನಾನಾಥ ಮಂಗೇಶ್ಕರ್ ತೀರಿಕೊಂಡರು. ಅದೇ ದಿನ, ಅದೇ ವರ್ಷ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಮೆರಿಕದ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸೆಂಡ್ ಹುಟ್ಟಿದರು. ಮೂವರಿಗೂ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ. ಆದರೂ ಮೂವರ ಹಾಡೂ ಬೆಳೆದದ್ದು ನಾಟಕದ ರಂಗದ ಮೇಲೆ. ನನಗೆ ಹೇಳಬೇಕಾಗಿರುವುದು ಅದೇ. ಜನ ಗುನುಗುವ ಹಾಡಿಗೆ ತವರುಮನೆ ಸಿನಿಮಾ ಅಲ್ಲ, ನಾಟಕ.

ನಮ್ಮ ಸೋದರಮಾವ ಒಂದು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವ, ಆಗಿದ್ದ. ಜಾತ್ರೆಗೆ ಕಂಪನಿ ಮೊಕ್ಕಾಂ ಹಾಕಿದರೆ ನಾನು ಅವನ ಪಕ್ಕದಲ್ಲೇ ಕೂತಿರುತ್ತಿದ್ದೆ. ಎರಡೂ ಕಾಲಿಂದ ತುಳಿಯುವ ದೊಡ್ಡ ಹಾರ್ಮೋನಿಯಂ ಅದು. ಪರದೆ ಏಳುವ ಮುಂಚೆ ಅವನು ನಟರಿಗೆ ಒಂದೇ ಮಾತು ಹೇಳುತ್ತಿದ್ದ: "ಹಿಂದ ಕುಂತಾಂವಗ ಶಬ್ದ ತಿಳೀಬೇಕು, ರಾಗ ಆಮ್ಯಾಲೆ." ಅವನು ಹೇಳುತ್ತಿದ್ದ ಹಳೇ ಕಾಲದಲ್ಲಿ ಮೈಕ್ ಇರಲಿಲ್ಲ. ನೆಲದ ಮೇಲೆ ಕೂತ ಕಟ್ಟಕಡೆಯ ಮನುಷ್ಯನಿಗೆ ಪದ ಮುಟ್ಟಬೇಕು. ಮುಟ್ಟಿದರೆ "ಒನ್ಸ್ ಮೋರ್" ಅಂತ ಕೂಗು ಏಳುತ್ತಿತ್ತು. ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಂದು ಸಲ ಹಾಡಬೇಕಿತ್ತು!

ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಮರಾಠಿ ಸಂಗೀತ ನಾಟಕದ ಕಂಪನಿಗಳು ಹುಬ್ಬಳ್ಳಿ, ಧಾರವಾಡಕ್ಕೆ ಬರುತ್ತಿದ್ದವು. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಹುಟ್ಟಿತು, ಮೆರೆಯಿತು. ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರೇ. ಶಾಸ್ತ್ರೀಯ ಒಂದು ಓಣಿ, ನಾಟಕದ ಹಾಡು ಇನ್ನೊಂದು ಓಣಿ ಅಂತ ಇಲ್ಲಿ ಇರಲಿಲ್ಲ.

ದೀನಾನಾಥರು ಆ ಲೋಕದ ಮನುಷ್ಯ. ಬಾಲಕನಾಗಿದ್ದಾಗಲೇ ಕಿರ್ಲೋಸ್ಕರ್ ಕಂಪನಿ ಸೇರಿದರು. ಹೆಣ್ಣಿನ ಪಾತ್ರ ಮಾಡಿದರು. 1918ರಲ್ಲಿ ಬಲವಂತ ಸಂಗೀತ ಮಂಡಳಿ ಕಟ್ಟಿದರು. ಅವರ ದೊಡ್ಡ ಮಗಳ ಹೆಸರು ಹೇಮಾ. 'ಭಾವಬಂಧನ' ನಾಟಕದ ಲತಿಕಾ ಪಾತ್ರದಿಂದ ಆ ಹುಡುಗಿ ಲತಾ ಆದಳು. ಅಂದರೆ ನಾವೆಲ್ಲ ಬಾಯ್ತುಂಬ ಕರೆಯುವ ಆ ಹೆಸರೂ ನಾಟಕದ್ದೇ. ಬೋಲಪಟ, ಅಂದರೆ ಮಾತಾಡುವ ಸಿನಿಮಾ, ಬಂದ ಮೇಲೆ ಕಂಪನಿಗಳ ಗಲ್ಲಾ ಬರಿದಾಯಿತು. ದೀನಾನಾಥರ ಕಂಪನಿಯೂ ಮುಳುಗಿತು. 41ನೇ ವಯಸ್ಸಿಗೆ ಅವರು ಹೋದಾಗ ಲತಾಗೆ 12 ವರ್ಷ. ಹಿಂದೆ ನಾಲ್ಕು ಮಂದಿ ತಮ್ಮ, ತಂಗಿಯರು. ಆ ಹುಡುಗಿ ದುಡಿಯಲು ಹೊರಟಳು. ಅದಕ್ಕೇ ಈ ದಿನ ಬಂದಾಗ ನನಗೆ ಸಂಭ್ರಮದ ಜೊತೆ ಸ್ವಲ್ಪ ಸಂಕಟವೂ ಆಗುತ್ತದೆ. ಮುಂದೆ 1967ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ ಲತಾ 'ಬೆಳ್ಳನೆ ಬೆಳಗಾಯಿತು' ಹಾಡಿದರು. ಆ ಹಾಡು ಈಗಲೂ ನಮ್ಮ ಮನೆಗಳಲ್ಲಿದೆ, ಅಲ್ವಾ?

ಸ್ಟ್ರೈಸೆಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರೂ ಎಳವೆಯಲ್ಲೇ ತಂದೆಯನ್ನು ಕಳಕೊಂಡವರು. 1964ರಲ್ಲಿ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಯ 'ಫನ್ನಿ ಗರ್ಲ್' ನಾಟಕದಿಂದ ಹೆಸರಾದರು. ಅದೇ ನಾಟಕ ಸಿನಿಮಾ ಆದಾಗ ಆಸ್ಕರ್ ಬಂತು. ಊರು ಬೇರೆ, ಭಾಷೆ ಬೇರೆ, ದಾರಿ ಮಾತ್ರ ಅದೇ.

ಈಗ ರಾಜಕುಮಾರ್. ಅವರೂ ಲತಾ ಅವರೂ ಒಂದೇ ವರ್ಷ ಹುಟ್ಟಿದವರು. ತಂದೆ ಪುಟ್ಟಸ್ವಾಮಯ್ಯ ರಂಗನಟರು. ರಾಜಕುಮಾರ್ ಆಗಿನ್ನೂ ಮುತ್ತುರಾಜ ಎಂಬ ಹುಡುಗ, ತಂದೆಯ ಬೆನ್ನು ಹಿಡಿದು ಗುಬ್ಬಿ ನಾಟಕ ಕಂಪನಿ ಸೇರಿದ. ಅಲ್ಲಿ ಹಾಡು ಬರದವನಿಗೆ ಪಾತ್ರವಿಲ್ಲ. ಆದರೆ 1954ರಲ್ಲಿ 'ಬೇಡರ ಕಣ್ಣಪ್ಪ' ಬಂದ ಮೇಲೆ ಎಷ್ಟೋ ವರ್ಷ ಅವರ ಹಾಡಿಗೆ ದನಿ ಕೊಟ್ಟವರು ಪಿ.ಬಿ. ಶ್ರೀನಿವಾಸ್. ಅವರ ಇಂಪಿನ ಬಗ್ಗೆ ಎರಡು ಮಾತಿಲ್ಲ. ಆದರೂ ಒಬ್ಬ ಹಾಡುಗಾರ ಪರದೆಯ ಮೇಲೆ ಬರೀ ತುಟಿ ಆಡಿಸುತ್ತಾ ಇದ್ದ!

ಅದು ಬದಲಾದದ್ದು 1974ರಲ್ಲಿ, 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ. ಜಿ.ಕೆ. ವೆಂಕಟೇಶ್ ಸಂಗೀತ. ಎಮ್ಮೆಯ ಬೆನ್ನೇರಿ 'ಯಾರೇ ಕೂಗಾಡಲಿ' ಅಂತ ರಾಜಕುಮಾರ್ ತಮ್ಮದೇ ದನಿಯಲ್ಲಿ ಹಾಡಿದರು. ಇದೆಲ್ಲರಿಗೂ ಗೊತ್ತು. ಬಹಳ ಜನ ಮರೆಯುವುದು ಇದನ್ನು: ಆ ಸಿನಿಮಾ ನಮ್ಮ ಕಡೆಯ ಕಂಪನಿ ನಾಟಕ. ಬರೆದವರು ಬಾಗಲಕೋಟೆ ಕಡೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ. ಉತ್ತರ ಕರ್ನಾಟಕದ ಒಂದು ನಾಟಕದ ಕಥೆ ಹೋಗಿ, ಗುಬ್ಬಿ ಕಂಪನಿಯ ಹುಡುಗನಿಗೆ ಅವನ ದನಿಯನ್ನು ತಿರುಗಿ ಕೊಡಿಸಿತು. ಇದನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಆ ಹಾಡನ್ನು ಕಿವಿಗೊಟ್ಟು ಕೇಳಿ. ಒಂದಕ್ಷರವೂ ಸವೆದಿಲ್ಲ. 'ಹ' ಅಂದರೆ 'ಹ'. ನಮ್ಮ ಮಾವ ಹೇಳುತ್ತಿದ್ದನಲ್ಲ, ಹಿಂದೆ ಕೂತವನಿಗೆ ಶಬ್ದ ತಿಳಿಯಬೇಕು ಅಂತ, ಅದು ಇದೇ. ಮುಂದೆ 'ಜೀವನ ಚೈತ್ರ'ದ 'ನಾದಮಯ' ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ನಾನು 'ಆಕಸ್ಮಿಕ'ವನ್ನು ಬಿಟ್ಟರೆ ಹುಬ್ಬಳ್ಳಿಯವರು ನನ್ನನ್ನು ಸುಮ್ನೆ ಬಿಡುವುದಿಲ್ಲ. 1993ರ ಚಿತ್ರ. 'ಹುಟ್ಟಿದರೆ ಕನ್ನಡ ನಾಡಲ್ ಹುಟ್ಟಬೇಕು' ಹಾಡಿಗೆ ರಾಜಕುಮಾರ್ ಟಾಂಗಾ ಓಡಿಸಿದ್ದು ಹುಬ್ಬಳ್ಳಿಯಲ್ಲಿ. ನಾನಾಗ ಕಾಲೇಜು ಹುಡುಗ. ಚೆನ್ನಮ್ಮ ಸರ್ಕಲ್ ಕಡೆ ಒಂದು ಗೋಡೆ ಹತ್ತಿ ನಿಂತಿದ್ದೆ. ನೂಕುನುಗ್ಗಲಿನಲ್ಲಿ ಒಂದು ಚಪ್ಪಲಿ ಹೋಗಿತ್ತು. ಎಲ್ಲಿ ನೋಡಿದರೂ ತಲೆಗಳೇ. ಮಾಳಿಗೆ ಮೇಲೆ, ಗಿಡದ ಮೇಲೆ ಜನ. ಸ್ಪೀಕರಿನಲ್ಲಿ ಹಾಡು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಮೂರನೇ ಸಲ ಹಾಕುವ ಹೊತ್ತಿಗೆ ಪಲ್ಲವಿ ನಮಗೆಲ್ಲ ಬಾಯಿಪಾಠ. ಒಂದು ಶಾಟ್ ಮುಗಿದಾಗ ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು, ಪಟಗ ಸುತ್ತಿದವರು, ಎರಡೂ ಕೈ ಎತ್ತಿ ಕೂಗಿದರು: "ಒನ್ಸ್ ಮೋರ್!"

ಈಗ ಎರಡು ಹಾಡು ಕೇಳೋಣ. ಮೊದಲು ದೀನಾನಾಥರದು, ಆಮೇಲೆ ಎಮ್ಮೆ ಹಾಡು. ಹಳೇ ರೆಕಾರ್ಡು, ಗರಗರ ಅನ್ನುತ್ತೆ. ಸೆಕೆ ಇದ್ದರೂ ಅಷ್ಟೊತ್ತು ಫ್ಯಾನ್ ಆರಿಸಿ.