ಬಾಲನೇ ಇಲ್ದಿರೋ ಮೀನು ಗಾಳಕ್ಕೆ ಬಿತ್ತು! ಇಷ್ಟು ದಿನ ಬದುಕಿದ್ದು ಹೇಗೆ?

[ಫೋಟೋ ಫುಲ್ ಸ್ಕ್ರೀನ್]

ನೋಡಿ ಈ ಫೋಟೋನ. ಎಡಿಟ್ ಮಾಡಿದ್ದಲ್ಲ. ವೀಕ್ಷಕರೊಬ್ರು ಕಳ್ಸಿರೋದು, ಗಾಳಕ್ಕೆ ಬಿದ್ದ ಮೀನು. ತಲೆ ಇದೆ, ಬೆನ್ನಿನ ರೆಕ್ಕೆ ಇದೆ, ಹೊಟ್ಟೆ ದುಂಡಗಿದೆ, ಬಾಲ ಮಾತ್ರ ಇಲ್ಲ. ಅರ್ಧಕ್ಕೆ ಮುರಿದ ಸೀಮೆಸುಣ್ಣದ ಥರ ಮೋಟಾಗಿ ನಿಂತೋಗಿದೆ. "ಗುರು, ಇದು ಈಜ್ತಿದ್ದಾದ್ರೂ ಹೇಗೆ?" ಅಂತ ಕೇಳಿದ್ರು. ಎರಡು ಲೈನ್ ರಿಪ್ಲೈ ಹಾಕಿ ಮಲ್ಕೊಳ್ಳೋಣ ಅಂದ್ಕೊಂಡೆ, ಮೂರು ರಾತ್ರಿ ಹೋಯ್ತು.

ಬೇಸಿಕ್ಸ್ ಫಟಾಫಟ್ ಮುಗಿಸ್ತೀನಿ. ಮೀನಿಗೆ ಗಾಯ ಮಾಡೋರು ದೊಡ್ಡ ಮೀನು, ಕೊಕ್ಕರೆ, ನೀರುನಾಯಿ, ದೋಣಿಯ ಪ್ರೊಪೆಲರ್, ಬಲೆ, ಮತ್ತೆ ಗಾಳ ಹಿಡ್ಕೊಂಡು ಕೂರೋ ನಾವು. ನಮ್ಗೆ ಗಾಯ ಆದ್ರೆ ಹಕ್ಕಳೆ ಕಟ್ಟೋವರೆಗೂ ಕಾಯ್ಬೋದು, ಮೀನು ಕಾದ್ರೆ ಕೆಟ್ಟಿತು, ಯಾಕಂದ್ರೆ ಸುತ್ತ ನೀರು, ನೀರಲ್ಲಿ ಫಂಗಸ್ಸು ಬ್ಯಾಕ್ಟೀರಿಯಾ, ಅದ್ರ ಮೇಲೆ ಗಾಯದಿಂದ ಮೈಯೊಳಗಿನ ಉಪ್ಪು ನೀರಿನ ಲೆಕ್ಕನೇ ತಪ್ಪೋಗುತ್ತೆ. ಅದಕ್ಕೆ ಗಾಯದ ಅಂಚಲ್ಲಿರೋ ಚರ್ಮದ ಕೋಶಗಳು ತೆವಳ್ಕೊಂಡು ಬಂದು ಮೇಲೆ ಮುಚ್ಚಿಬಿಡ್ತವೆ. ಸಣ್ಣ ಗಾಯ ಆದ್ರೆ ಕೆಲವೇ ಗಂಟೆ ಸಾಕು.

ಇನ್ನು ಬಾಲ. ಬಾಲದ ರೆಕ್ಕೆ ಮಾತ್ರ ಹರಿದಿದ್ರೆ ತುಂಬಾ ಮೀನುಗಳಲ್ಲಿ ಮತ್ತೆ ಬೆಳೆಯುತ್ತೆ. ಲ್ಯಾಬಲ್ಲಿ ಸಾಕೋ ಜೀಬ್ರಾಫಿಶ್‌ಗೆ ಎರಡು ವಾರ ಸಾಕು. ಮಜಾ ಏನಂದ್ರೆ, ಜಾಸ್ತಿ ಕತ್ತರಿಸಿದ್ರೆ ಜಾಸ್ತಿ ಸ್ಪೀಡಾಗಿ ಬೆಳೆಯುತ್ತೆ, ತುದಿ ಕತ್ತರಿಸಿದ್ರೆ ನಿಧಾನ, ಎಷ್ಟು ಹೋಗಿದೆ ಅಂತ ಅದಕ್ಕೇ ಗೊತ್ತಿರೋ ಹಾಗೆ. ಇದೇ ಮೀನು ಹೃದಯದ ಕುಹರದ, ಅಂದ್ರೆ ರಕ್ತ ಪಂಪ್ ಮಾಡೋ ಕೋಣೆಯ, 20 ಪರ್ಸೆಂಟ್ ಕತ್ತರಿಸಿದ್ರೂ ಎರಡು ತಿಂಗಳಲ್ಲಿ ವಾಪಸ್ ಬೆಳೆಸ್ಕೊಳ್ಳುತ್ತೆ ಅಂತ 2002ರಲ್ಲೇ ತೋರ್ಸಿದಾರೆ.

ಆದ್ರೆ ಬುಡಸಮೇತ ಹೋದ್ರೆ, ಬೆನ್ನುಮೂಳೆಯ ತುದಿನೂ ಸೇರಿ ಹೋದ್ರೆ, ಆಟ ಮುಗೀತು, ಬಾಲ ಮತ್ತೆ ಬೆಳೆಯಲ್ಲ. ನಮ್ಮ ಫೋಟೋ ಮೀನಿಗೆ ಆಗಿರೋದು ಅದೇ. [ಮೋಟು ಭಾಗ ಜೂಮ್] ನೋಡಿ, ಕೆಂಪಿಲ್ಲ, ಕೀವಿಲ್ಲ, ಚರ್ಮ ಪೂರ್ತಿ ಮುಚ್ಕೊಂಡಿದೆ. ಅಂದ್ರೆ ಹಳೇ ಗಾಯ. ಆಮೇಲೆ ಬೆನ್ನಿನ ರೆಕ್ಕೆ, ಹೊಟ್ಟೆ ಹಿಂದಿನ ರೆಕ್ಕೆ ಎರಡನ್ನೂ ಬೀಸ್ಕೊಂಡು, ಮೈ ಬಳುಕಿಸ್ಕೊಂಡು ಕಾಲ ಹಾಕಿದೆ. ಓಡೋ ಬೇಟೆನ ಅಟ್ಟಿಸ್ಕೊಂಡು ಹೋಗೋಕೆ ಆಗ್ತಿರ್ಲಿಲ್ಲ ಪಾಪ, ಸುಮ್ನೆ ತೂಗಾಡೋ ಎರೆಹುಳ ಕಂಡ್ರೆ ಬಿಡುತ್ತಾ? ಗಾಳಕ್ಕೆ ಬಿದ್ದಿದ್ದು ಹಾಗೇ ಅನ್ನೋದು ನನ್ನ ಲೆಕ್ಕಾಚಾರ.

ಈಗ ನನ್ನ ಫೇವರಿಟ್. ಇದಕ್ಕೋಸ್ಕರನೇ ವಿಡಿಯೋ ಮಾಡಿದೆ ಅಂದ್ರೂ ಸುಳ್ಳಲ್ಲ. ಆಫ್ರಿಕಾದ ಟ್ಯಾಂಗನಿಕಾ ಸರೋವರದಲ್ಲಿ ಪೆರಿಸೋಡಸ್ ಮೈಕ್ರೋಲೆಪಿಸ್ ಅಂತ ಒಂದು ಮೀನಿದೆ. ಇದರ ಊಟ ಬೇರೆ ಮೀನುಗಳ ಹುರುಪೆ. ಕೊಲ್ಲಲ್ಲ, ಹಿಂದಿನಿಂದ ಬಂದು ಪಕ್ಕೆಗೊಂದು ಏಟು, ನಾಲ್ಕು ಹುರುಪೆ ಕಿತ್ಕೊಂಡು ಪರಾರಿ. ಪಕ್ಕಾ ಪಿಕ್‌ಪಾಕೆಟ್! ಅಷ್ಟೇ ಆಗಿದ್ರೆ ನಾನು ಹೀಗೆ ಕುಣೀತಿರ್ಲಿಲ್ಲ. ಇದರ ಬಾಯಿ ಸೊಟ್ಟ. ಕೆಲವಕ್ಕೆ ಬಲಕ್ಕೆ ಸೊಟ್ಟ, ಕೆಲವಕ್ಕೆ ಎಡಕ್ಕೆ.

[ಎರಡೂ ಕೈ ತೋರಿಸ್ತಾ] ಈ ಕೈ ಬೇಟೆ, ಮುಂದೆ ಹೋಗ್ತಿದೆ. ನಾನು ಹಿಂದಿನಿಂದ ಅದರ ಎಡಗಡೆಗೆ ಬಂದೆ. ಈಗ ಬೇಟೆ ನನ್ನ ಯಾವ ಕಡೆ ಇದೆ? ಬಲಗಡೆ. ಬಾಯಿ ಬಲಕ್ಕೆ ತಿರುಗಿದ್ರೆ ತಾನೇ ಕಚ್ಚೋಕೆ ಸಲೀಸು? ಹಂಗಾಗಿ ಬಲಸೊಟ್ಟ ಎಡ ಪಕ್ಕೆಗೆ ಕಚ್ಚುತ್ತೆ, ಎಡಸೊಟ್ಟ ಬಲ ಪಕ್ಕೆಗೆ.

ಈಗ ಬೇಟೆ ಜಾಗದಲ್ಲಿ ನಿಂತು ಯೋಚ್ನೆ ಮಾಡಿ. ಸುತ್ತ ಬಲಸೊಟ್ಟರೇ ಜಾಸ್ತಿ ಅಂದ್ರೆ, ಎಡ ಪಕ್ಕೆಗೆ ಏಟು ತಿಂದು ತಿಂದು ನಿಮ್ಮ ಕಣ್ಣೆಲ್ಲಾ ಎಡಕ್ಕೇ ಇರುತ್ತೆ. ಆಗ ಕಮ್ಮಿ ಇರೋ ಎಡಸೊಟ್ಟರಿಗೆ ಹಬ್ಬ, ಕಾವಲೇ ಇಲ್ದಿರೋ ಬಲ ಪಕ್ಕೆ ಸಿಗುತ್ತೆ, ಹೊಟ್ಟೆ ತುಂಬುತ್ತೆ, ಸಂತಾನ ಹೆಚ್ಚುತ್ತೆ, ಹೆಚ್ಚಿ ಹೆಚ್ಚಿ ಅವರೇ ಮೆಜಾರಿಟಿ ಆದಾಗ ಬೇಟೆಗಳು ಬಲಕ್ಕೆ ನೋಡೋಕೆ ಶುರು, ಮತ್ತೆ ಬಲಸೊಟ್ಟರ ಕಾಲ. ಜಪಾನಿನ ವಿಜ್ಞಾನಿ ಮಿಚಿಯೋ ಹೋರಿ 1993ರಲ್ಲಿ ಇದನ್ನ ಪ್ರಕಟಿಸಿದ್ರು. ಎರಡೂ ಬಣದ ಪಾಲು ಅರ್ಧ-ಅರ್ಧದ ಆಚೀಚೆ ಉಯ್ಯಾಲೆ ಥರ ತೂಗ್ತಾ ಇರುತ್ತೆ. ಬಾಯಿ ಸೊಟ್ಟ ಇರೋರೇ ಸೇರಿ ಬ್ಯಾಲೆನ್ಸ್ ಮಾಡ್ಕೊಂಡಿರೋ ಸರೋವರ, ಇದಕ್ಕಿಂತ ಇನ್ನೇನು ಬೇಕ್ರೀ.

ಅಂದಹಾಗೆ ಉದುರಿದ ಹುರುಪೆ ಮತ್ತೆ ಹುಟ್ಟುತ್ತೆ, ಆದ್ರೆ ಮೋಸ ಗೊತ್ತಾಗುತ್ತೆ. ಒರಿಜಿನಲ್ ಹುರುಪೆಲಿ ಮರದ ಥರ ಬಳೆ ಬಳೆ ಉಂಗುರ ಇರುತ್ತೆ, ಅದನ್ನ ಎಣಿಸಿ ವಯಸ್ಸು ಹೇಳ್ತಾರೆ. ಹೊಸದು ಅರ್ಜೆಂಟಲ್ಲಿ ಬೆಳೆದಿರುತ್ತಲ್ಲ, ನಡುಭಾಗ ಖಾಲಿ. ವಯಸ್ಸು ನೋಡೋರು ಅದನ್ನ ಪಕ್ಕಕ್ಕೆ ಎಸೀತಾರೆ.

ಟೈಮ್ ಆಗೋಯ್ತು, ಉಳಿದಿದ್ದೆಲ್ಲಾ ಒಂದೇ ಉಸಿರಲ್ಲಿ. ಟ್ಯೂನಾ ಮೈಯಲ್ಲಿ ಸ್ಕೂಪಲ್ಲಿ ತೆಗ್ದ ಹಾಗೆ ದುಂಡಗಿನ ಕುಳಿ ಇದ್ರೆ ಅದು ಕುಕೀಕಟರ್ ಶಾರ್ಕ್ ಕೆಲ್ಸ. ಉದ್ದ ಅರ್ಧ ಮೀಟರ್ ಅಷ್ಟೇ, 1970ರ ದಶಕದಲ್ಲಿ ಅಮೆರಿಕದ ಸಬ್‌ಮರೀನ್‌ಗಳ ರಬ್ಬರ್ ಕವಚನೂ ಕಚ್ಚಿ ಹಾಕಿತ್ತು. ಉತ್ತರ ಅಮೆರಿಕದ ಮಹಾಸರೋವರಗಳ ಮೀನಲ್ಲಿ ದುಂಡು ಮುದ್ರೆ ಇದ್ರೆ ಲ್ಯಾಂಪ್ರೆ ಅನ್ನೋ ಹಾವಿನ ಥರದ ಮೀನು ರಕ್ತ ಹೀರಿದೆ ಅಂತ, ಅಲ್ಲಿ ಆ ಮುದ್ರೆ ಹಸಿಯೋ ಒಣಗಿದ್ದೋ ಅಂತ ವಿಂಗಡಿಸಿ ಎಣಿಸ್ತಾರೆ. ಪೆಸಿಫಿಕ್ ಕಡೆಯ ಸಾಲ್ಮನ್‌ಗೆ ಬೆನ್ನ ಹಿಂದಿನ ಪುಟ್ಟ ರೆಕ್ಕೆ ಇಲ್ವಾ? ಗಾಬರಿ ಬೇಡ, ಮರಿ ಸಾಕೋ ಹ್ಯಾಚರಿಯವರೇ ಗುರುತಿಗೆ ಕತ್ತರಿಸಿರ್ತಾರೆ. ತುಟಿ ಹರಿದು ದವಡೆ ಸೊಟ್ಟ ಆಗಿದ್ರೆ? ಅದು ಬಹುಶಃ ನಮ್ಮೋರ ಸಹಿ, ಹಿಂದೆ ಯಾರೋ ಗಾಳ ಎಳೆದು ಕಿತ್ತಿದ್ದು. ವಾಪಸ್ ಬಿಡೋದಾದ್ರೆ ಕೈ ಒದ್ದೆ ಮಾಡ್ಕೊಂಡು ಹಿಡೀರಿ, ಒಣ ಕೈಗೆ, ಬಟ್ಟೆಗೆ ಅದರ ಲೋಳೆ ಕಿತ್ತು ಬರುತ್ತೆ, ರೋಗ ತಡೆಯೋ ಮೊದಲ ಗೋಡೆನೇ ಅದು.

ಫೋಟೋ ಕಳ್ಸಿದವರಿಗೆ ಒಂದೇ ಕಂಪ್ಲೇಂಟ್: ಒಂದೇ ಪಕ್ಕೆ ತೋರ್ಸಿದೀರಾ. ಮುಂದೆ ಯಾರಿಗಾದ್ರೂ ಇಂಥದ್ದು ಸಿಕ್ರೆ ದಯವಿಟ್ಟು ಎಡ ಬಲ ಎರಡೂ ತೆಗೀರಪ್ಪಾ, ನಾನು ಇಲ್ಲಿ ಸೊಟ್ಟಬಾಯಿ ತಲೇಲಿ ಇಟ್ಕೊಂಡು ನಿದ್ದೆ ಬಿಟ್ಟು ಕೂತಿದೀನಿ.