ಲೈಪೋಸಕ್ಷನ್‌ನಲ್ಲಿ ಎಷ್ಟು ಕೊಬ್ಬು ಉಳಿಸಬೇಕು?

ನಮಸ್ಕಾರ. ಲೈಪೋಸಕ್ಷನ್ ಅಂದರೆ ಚರ್ಮದ ಕೆಳಗಿನ ಕೊಬ್ಬನ್ನು ಪೈಪಿನಿಂದ ಹೀರಿ ತೆಗೆಯುವ ಆಪರೇಷನ್. ಇದರ ಹೆಸರು ಎತ್ತಿದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: ಎಷ್ಟು ಲೀಟರ್ ತೆಗೆಯುತ್ತಾರೆ? ಇವತ್ತು ಇದನ್ನು ಉಲ್ಟಾ ಕಡೆಯಿಂದ ನೋಡೋಣ. ಎಷ್ಟು ಕೊಬ್ಬು ಬಿಡಬೇಕು, ಎಲ್ಲಿ ಬಿಡಬೇಕು? ಆಪರೇಷನ್ ಆದಮೇಲೆ ಮೈಕಟ್ಟು ಸಹಜವಾಗಿ ಕಾಣುತ್ತದೋ, ಏನೋ ಎಡವಟ್ಟಾಗಿದೆ ಅನ್ನಿಸುತ್ತದೋ ಅನ್ನೋದು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಅದಕ್ಕೂ ಮೊದಲು ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಇದು ತೂಕ ಇಳಿಸುವ ದಾರಿ ಅಲ್ಲ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯಿಂದ ತಲಾ ಸುಮಾರು 10 ಕೆ.ಜಿ. ಕೊಬ್ಬು ತೆಗೆದಿದ್ದರು. ಕೆಲವು ವಾರ ಬಿಟ್ಟು ಪರೀಕ್ಷೆ ಮಾಡಿದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಊಟ, ವ್ಯಾಯಾಮದಿಂದ ತೂಕ ಇಳಿದಾಗ ಕರುಳಿನ ಸುತ್ತ, ಲಿವರ್ ಒಳಗೆ ಇರುವ ಕೊಬ್ಬೂ ಕರಗುತ್ತದೆ. ಲೈಪೋಸಕ್ಷನ್ ಪೈಪು ಅಲ್ಲಿಗೆ ಹೋಗುವುದೇ ಇಲ್ಲ. ಅದಕ್ಕೆ ಸಿಗುವುದು ಚರ್ಮದ ಕೆಳಗಿನ ಕೊಬ್ಬು ಮಾತ್ರ.

ನೀವೇ ನೋಡಿಕೊಳ್ಳಬಹುದು. ನೆಟ್ಟಗೆ ನಿಂತು ಹೊಟ್ಟೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ದಪ್ಪನೆಯ ಮಡಿಕೆ ಸಿಕ್ಕಿತು ಅಂದರೆ ಅದು ಚರ್ಮದ ಕೆಳಗಿನದು. ಹೊಟ್ಟೆ ಮುಂದಕ್ಕೆ ಉಬ್ಬಿ, ಗಟ್ಟಿಯಾಗಿದ್ದು, ಬೆರಳಿಗೆ ತೆಳ್ಳಗಿನ ಮಡಿಕೆಯಷ್ಟೇ ಸಿಕ್ಕರೆ ಕೊಬ್ಬು ಒಳಗಿದೆ. ಅಂಥವರಿಗೆ ಲೈಪೋಸಕ್ಷನ್‌ನಿಂದ ಹೊಟ್ಟೆ ಸಪಾಟಾಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ದಯವಿಟ್ಟು ನಂಬಬೇಡಿ.

[ಸ್ಕ್ರೀನ್ ಮೇಲೆ: ತುದಿ ಮೊಂಡಾದ ತೆಳು ಕ್ಯಾನುಲಾ (ಕೊಬ್ಬು ಹೀರುವ ಪೈಪು), ತುದಿಯ ಹತ್ತಿರ ಸಣ್ಣ ತೂತುಗಳು]

ಇತಿಹಾಸ ಸ್ವಲ್ಪ ನೋಡೋಣ. 1920ರ ದಶಕದಲ್ಲಿ ಫ್ರಾನ್ಸ್‌ನ ಸರ್ಜನ್ ಶಾರ್ಲ್ ದ್ಯುಜಾರಿಯೆ ಒಬ್ಬ ನರ್ತಕಿಯ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋದರು. ರಕ್ತನಾಳಕ್ಕೆ ಪೆಟ್ಟಾಗಿ, ಕೊನೆಗೆ ಆಕೆಯ ಕಾಲನ್ನೇ ಕತ್ತರಿಸಬೇಕಾಯಿತು. ಆಮೇಲೆ ಬಹಳ ವರ್ಷ ಈ ಕೆಲಸಕ್ಕೆ ಯಾರೂ ಧೈರ್ಯ ಮಾಡಲಿಲ್ಲ. 1970ರ ದಶಕದಲ್ಲಿ ಇಟಲಿಯ ಫಿಶರ್ ತಂದೆ-ಮಗ ಟೊಳ್ಳು ಪೈಪಿನಿಂದ ಕೊಬ್ಬು ಹೀರುವ ವಿಧಾನ ತಂದರು. ಫ್ರಾನ್ಸ್‌ನ ಇಲ್ಲೂಝ್ ಅನ್ನುವ ಸರ್ಜನ್ ಮೊಂಡು ತುದಿಯ ಕ್ಯಾನುಲಾ ಬಳಸಿದರು. ತುದಿ ಮೊಂಡಾಗಿದ್ದರೆ ನರ, ರಕ್ತನಾಳಗಳು ಕತ್ತರಿಸಿ ಹೋಗುವ ಬದಲು ಪಕ್ಕಕ್ಕೆ ಸರಿಯುವ ಸಾಧ್ಯತೆ ಜಾಸ್ತಿ.

ನಿಜವಾದ ತಿರುವು ಸಿಕ್ಕಿದ್ದು 1985ರಲ್ಲಿ. ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ಟ್ಯುಮಸೆಂಟ್ ವಿಧಾನ ತಂದರು. ಸಲೈನ್‌ಗೆ ಲಿಡೊಕೇನ್ ಮತ್ತು ಅಡ್ರಿನಲಿನ್ ಬೆರೆಸಿ, ಕೊಬ್ಬಿನ ಪದರ ಬಿಗಿಯಾಗಿ ಉಬ್ಬುವಷ್ಟು ತುಂಬಿಸುತ್ತಾರೆ. ಲಿಡೊಕೇನ್ ನೋವು ತಡೆಯುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಸ್ವಲ್ಪ ಹೊತ್ತಿಗೆ ಅಲ್ಲಿನ ಚರ್ಮ ಬಿಳಿಚಿಕೊಳ್ಳುತ್ತದೆ, ಆಮೇಲೆ ಕೆಲಸ ಶುರು. ಹಿಂದೆ ಏನೂ ತುಂಬದೆ ಒಣಗಾಗಿ ಹೀರುತ್ತಿದ್ದಾಗ, ಹೊರಬಂದದ್ದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ರಕ್ತವೇ ಇರುತ್ತಿದ್ದದ್ದುಂಟು. ಈಗ ಅದು ಶೇಕಡಾ 1ರ ಆಸುಪಾಸಿಗೆ ಇಳಿದಿದೆ. ರಕ್ತ ಹೋಗುವ ಭಯ ಕಡಿಮೆಯಾದ ಮೇಲೆ ಸರ್ಜನ್‌ಗೆ ನಿಧಾನವಾಗಿ, ಆಕಾರ ನೋಡಿಕೊಂಡು ಕೆಲಸ ಮಾಡಲು ಸಾಧ್ಯವಾಯಿತು. ಬಾಡಿ ಕಾಂಟೂರಿಂಗ್‌ಗೆ, ಅಂದರೆ ಮೈಯ ಆಕಾರ ತಿದ್ದುವ ಕೆಲಸಕ್ಕೆ, ಜಾಗ ಸಿಕ್ಕಿದ್ದೇ ಇದರಿಂದ.

ಈಗ ಮುಖ್ಯ ವಿಷಯಕ್ಕೆ ಬರೋಣ.

[ಸ್ಕ್ರೀನ್ ಮೇಲೆ: ಹೊಟ್ಟೆಯ ಅಡ್ಡಸೀಳು ಚಿತ್ರ. ಚರ್ಮ, ಮೇಲಿನ ಕೊಬ್ಬು, ತೆಳು ಪೊರೆ, ಆಳದ ಕೊಬ್ಬು, ಸ್ನಾಯು]

ಹೊಟ್ಟೆಯ ಕೊಬ್ಬು ಒಂದೇ ಮುದ್ದೆ ಅಲ್ಲ, ಎರಡು ಪದರ. ನಡುವೆ ಸ್ಕಾರ್ಪಾಸ್ ಫ್ಯಾಸಿಯಾ ಅನ್ನುವ ತೆಳು ಪೊರೆ ಇದೆ. ಆಳದ ಪದರ ಸಡಿಲ. ಅಲ್ಲಿಂದ ತೆಗೆದರೆ ಸಣ್ಣಪುಟ್ಟ ಏರುಪೇರು ಮೇಲಕ್ಕೆ ಕಾಣುವುದಿಲ್ಲ. ಮೇಲಿನ ಪದರ ಒತ್ತೊತ್ತಾಗಿದ್ದು ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ಚರ್ಮಕ್ಕೆ ನುಣುಪು, ಮೆತ್ತನೆ ಕೊಡುವುದು ಇದೇ. ಗಾದಿಯಲ್ಲಿ ಒಂದು ಕಡೆ ಹತ್ತಿ ಖಾಲಿಯಾದರೆ ಮೇಲಿನ ಬಟ್ಟೆಯಲ್ಲೇ ಗುಳಿ ಕಾಣುತ್ತದಲ್ವಾ, ಈ ಪದರ ಬರಿದಾದರೂ ಅದೇ ಆಗುವುದು. ಚರ್ಮ ಕೆಳಗಿನ ಸ್ನಾಯುವಿಗೆ ಅಂಟುತ್ತದೆ. ನಿಂತಾಗ ಸರಿ ಕಂಡರೂ ಬಗ್ಗಿದಾಗ, ತಿರುಗಿದಾಗ ಗೆರೆ ಗೆರೆಯಾಗಿ ಎಳೆಯುತ್ತದೆ. ಲೈಪೋಸಕ್ಷನ್ ಆದವರಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಈ ಏರುತಗ್ಗಿನದ್ದೇ.

ಕೊಬ್ಬು ಸ್ವಲ್ಪ ಜಾಸ್ತಿ ಉಳಿದಿದ್ದರೆ ಮತ್ತೆ ತೆಗೆಯಬಹುದು. ಜಾಸ್ತಿ ತೆಗೆದುಬಿಟ್ಟರೆ ಬೇರೆ ಕಡೆಯಿಂದ ಕೊಬ್ಬು ತಂದು ತುಂಬಬೇಕು, ತುಂಬಿದ್ದರಲ್ಲಿ ಒಂದಿಷ್ಟು ಕರಗಿಯೂ ಹೋಗುತ್ತದೆ. ಆದ್ದರಿಂದ ಸಮಯಕ್ಕೆ ಸರಿಯಾಗಿ ಕೈ ನಿಲ್ಲಿಸುವ ಸರ್ಜನ್ ನನ್ನ ಪ್ರಕಾರ ಒಳ್ಳೆಯ ಸರ್ಜನ್.

ಇನ್ನೊಂದು ಸೂಕ್ಷ್ಮವಿದೆ. ಚರ್ಮ ಒಳಗಿನ ಗಟ್ಟಿ ಪದರಕ್ಕೆ ಬಿಗಿಯಾಗಿ ಅಂಟಿಕೊಂಡಿರುವ ಕೆಲವು ಜಾಗ ಇವೆ. ಪೃಷ್ಠದ ಪಕ್ಕದ ತಗ್ಗು, ಪೃಷ್ಠದ ಕೆಳಗಿನ ಮಡಿಕೆ, ತೊಡೆಯ ಒಳಭಾಗದ ಮಧ್ಯ, ಇಂಥವು. ದೇಹದ ಗೆರೆಗಳನ್ನು ಹಿಡಿದಿಟ್ಟಿರುವುದೇ ಇವು. ಅನುಭವಿಗಳು ಇಲ್ಲಿ ಕೈ ಹಾಕುವುದು ತೀರಾ ಕಡಿಮೆ. ಪೃಷ್ಠದ ಕೆಳಗಿನ ಮಡಿಕೆಯ ಆಧಾರ ಹಾಳಾದರೆ ಪೃಷ್ಠವೇ ಕೆಳಗೆ ಜೋಲುತ್ತದೆ.

[ಸ್ಕ್ರೀನ್ ಮೇಲೆ: ನಿಂತ ವ್ಯಕ್ತಿಯ ಬೆನ್ನು, ಸೊಂಟದ ಮೇಲೆ ಮಾರ್ಕರ್ ಗೆರೆಗಳು]

ಆಪರೇಷನ್ ಥಿಯೇಟರ್‌ಗೆ ಹೋಗುವ ಮೊದಲು ಸರ್ಜನ್ ನಿಮ್ಮನ್ನು ನಿಲ್ಲಿಸಿ ಮಾರ್ಕರ್‌ನಿಂದ ಗೆರೆ ಹಾಕುತ್ತಾರೆ. ಮಲಗಿಸಿ ಹಾಕುವುದಿಲ್ಲ, ಯಾಕೆಂದರೆ ಮಲಗಿದ ಕೂಡಲೇ ಕೊಬ್ಬು ಅತ್ತಿತ್ತ ಸರಿದು ಉಬ್ಬು ಎಲ್ಲಿತ್ತು ಅನ್ನೋದೇ ಗೊತ್ತಾಗುವುದಿಲ್ಲ. ಉಬ್ಬಿದ ಕಡೆ ವೃತ್ತದೊಳಗೆ ವೃತ್ತ. ತಗ್ಗಿದ್ದ ಕಡೆ ಬೇರೆ ಗುರುತು, ಅಲ್ಲಿ ಮುಟ್ಟಬಾರದು ಅಂತ. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನೂ ಆಗಲೇ ತೋರಿಸಬೇಕು. ಎರಡೂ ಕಡೆ ತದ್ರೂಪ ಇರುವ ಮೈ ಯಾರಿಗೂ ಇಲ್ಲ. ಒಳಗೆ ಕೆಲಸ ನಡೆಯುವಾಗ ಒಂದು ಕೈ ಕ್ಯಾನುಲಾ ಹಿಡಿದಿರುತ್ತದೆ, ಇನ್ನೊಂದು ಕೈ ಚರ್ಮದ ಮೇಲಿದ್ದು ಎಷ್ಟು ದಪ್ಪ ಉಳಿದಿದೆ ಅಂತ ಹಿಡಿದು ಹಿಡಿದು ನೋಡುತ್ತಿರುತ್ತದೆ. ಬಾಟಲಿಯಲ್ಲಿ ಎಷ್ಟು ತುಂಬಿತು ಅನ್ನೋದಕ್ಕಿಂತ ಆ ಎರಡನೇ ಕೈ ಹೇಳುವ ಲೆಕ್ಕ ದೊಡ್ಡದು.

ಸಹಜ ಅಳತೆ ಅಂದರೆ ಏನು? ಒಂದು ಭಾಗವನ್ನಷ್ಟೇ ನೋಡಿದರೆ ತಪ್ಪುತ್ತದೆ. ಹೊಟ್ಟೆ ಮುಂದೆ ಸಪಾಟು ಮಾಡಿ, ಪಕ್ಕದ ಸೊಂಟ, ಬೆನ್ನಿನ ಕೆಳಭಾಗ ಹಾಗೇ ಬಿಟ್ಟರೆ ನಡು ಡಬ್ಬದ ಹಾಗೆ ಚೌಕವಾಗಿ ಕಾಣುತ್ತದೆ. ಪಕ್ಕದಲ್ಲಿ, ಹಿಂದೆ ಒಂದಿಷ್ಟು ತೆಗೆದರೆ ಮುಂದೆ ಕಡಿಮೆ ತೆಗೆದರೂ ಮೈ ಹಗುರ ಕಾಣುತ್ತದೆ. ಮಹಿಳೆಯರ ಹೊಕ್ಕುಳ ಕೆಳಗಿನ ಸಣ್ಣ ಉಬ್ಬು ಸಹಜವಾದದ್ದು, ಅದನ್ನು ಪೂರ್ತಿ ಅಳಿಸಬಾರದು. ಸಿಕ್ಸ್ ಪ್ಯಾಕ್ ಗೆರೆಗಳನ್ನು ಕೊಬ್ಬಿನಲ್ಲೇ ಕೆತ್ತುವ ಎಚಿಂಗ್ ಬಗ್ಗೆ ನನಗೆ ಭಯವೇ ಇದೆ. ಮೂರು-ನಾಲ್ಕು ವರ್ಷದಲ್ಲಿ ತೂಕ ಏರಿದರೆ ಗೆರೆ ಅಲ್ಲೇ ಇರುತ್ತದೆ, ಸುತ್ತಲಿನ ಮೈ ಬೇರೆಯಾಗಿರುತ್ತದೆ.

ಯಂತ್ರಗಳ ವಿಷಯ ಬೇಗ ಮುಗಿಸುತ್ತೇನೆ. ವೇಸರ್ ಅನ್ನುವ ಯಂತ್ರ ಅಲ್ಟ್ರಾಸೌಂಡ್‌ನಿಂದ ಕೊಬ್ಬನ್ನು ಸಡಿಲ ಮಾಡುತ್ತದೆ. ಪವರ್ ಅಸಿಸ್ಟೆಡ್‌ನಲ್ಲಿ ಕ್ಯಾನುಲಾ ತಾನೇ ಅದುರುತ್ತದೆ. ಲೇಸರ್ ಬಿಸಿಯಿಂದ ಕರಗಿಸುತ್ತದೆ. ಎಲ್ಲವೂ ಉಪಯೋಗಕ್ಕೆ ಬರುತ್ತವೆ, ಬಿಸಿ ಇರುವಲ್ಲಿ ಸುಡುವ ಅಪಾಯವೂ ಇದೆ. ಚರ್ಮ ತೀರಾ ಜೋತಿದ್ದರೆ ಯಾವ ಯಂತ್ರವೂ ಅದನ್ನು ಬಿಗಿ ಮಾಡುವುದಿಲ್ಲ. ಆಗ ಹೆಚ್ಚಿನ ಚರ್ಮ ತೆಗೆಯುವ ಟಮ್ಮಿ ಟಕ್ ಬೇಕು.

ಅಪಾಯದ ಬಗ್ಗೆ ಮಾತ್ರ ಅವಸರ ಮಾಡುವುದಿಲ್ಲ. ಕೊಬ್ಬು, ದ್ರವ ಸೇರಿ ಒಂದೇ ಸಲ 5 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ತೆಗೆದರೆ ಅದನ್ನು ದೊಡ್ಡ ಪ್ರಮಾಣ ಅಂತಲೇ ಲೆಕ್ಕ ಹಾಕುತ್ತಾರೆ. ಅಂಥವರು ರಾತ್ರಿ ಆಸ್ಪತ್ರೆಯಲ್ಲೇ ನಿಗಾದಲ್ಲಿ ಇರಬೇಕು. ಲಿಡೊಕೇನ್ ರಕ್ತದಲ್ಲಿ ಏರುವುದು ನಿಧಾನ, ಗರಿಷ್ಠ ಮಟ್ಟ ಮುಟ್ಟಲು ಅರ್ಧ ದಿನ ಹಿಡಿಯಬಹುದು. ಆ ಹೊತ್ತಿಗೆ ಎಷ್ಟೋ ಜನ ಮನೆಯಲ್ಲಿರುತ್ತಾರೆ. ಆದ್ದರಿಂದ ಡೋಸ್ ಮೈತೂಕಕ್ಕೆ ತಕ್ಕ ಹಾಗೆ ಮಿತಿಯಲ್ಲೇ ಇರಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇದೆ, ಅದೇ ದಿನ ಎದ್ದು ಓಡಾಡಿಸುವುದು ಅದಕ್ಕೇ.

ಅತಿ ದೊಡ್ಡ ಎಚ್ಚರಿಕೆ ಬ್ರೆಜಿಲಿಯನ್ ಬಟ್ ಲಿಫ್ಟ್ ಬಗ್ಗೆ. ತೆಗೆದ ಕೊಬ್ಬನ್ನು ಪೃಷ್ಠಕ್ಕೆ ತುಂಬುವ ಆಪರೇಷನ್ ಇದು. 2017ರಲ್ಲಿ ಹೊರಬಂದ ಒಂದು ವರದಿ, 3000ಕ್ಕೆ ಒಬ್ಬರ ತನಕ ಸಾವು ಆಗಿರಬಹುದು ಅಂತ ಅಂದಾಜು ಮಾಡಿತು. ಕೊಬ್ಬು ಸ್ನಾಯುವಿನೊಳಗೆ ಹೋಗಿ, ಅಲ್ಲಿನ ದೊಡ್ಡ ರಕ್ತನಾಳ ಹರಿದು, ಶ್ವಾಸಕೋಶಕ್ಕೆ ಸೇರಿದ್ದೇ ಕಾರಣ. ಚರ್ಮದ ಕೆಳಗಿನ ಪದರಕ್ಕೆ ಮಾತ್ರ ತುಂಬಬೇಕು, ಸ್ನಾಯುವಿಗೆ ಹಾಕಲೇಬಾರದು ಅಂತ ಆಮೇಲೆ ಸರ್ಜನ್‌ಗಳ ಸಂಘಗಳೇ ಹೇಳಿದವು. ಈ ಆಪರೇಷನ್ ಮಾಡಿಸುವ ಯೋಚನೆ ಇದ್ದರೆ ಯಾವ ಪದರಕ್ಕೆ ತುಂಬುತ್ತೀರಿ ಅಂತ ನೇರವಾಗಿ ಕೇಳಿ.

ಮೊದಲ ಒಂದೆರಡು ದಿನ ಸಣ್ಣ ತೂತುಗಳಿಂದ ನಸುಗೆಂಪು ನೀರು ಸೋರುತ್ತದೆ, ಹೆದರಬೇಡಿ. ಬಿಗಿ ಉಡುಪು ಕೆಲವು ವಾರ ಹಾಕಿಕೊಂಡಿರಬೇಕು. ಊತ, ಮರಗಟ್ಟಿದ ಅನುಭವ, ಅಲ್ಲಲ್ಲಿ ಗಟ್ಟಿ ಗಂಟು, ಇವೆಲ್ಲ ನಿಧಾನವಾಗಿ ಇಳಿಯುತ್ತವೆ. ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು. ತೆಗೆದ ಕೊಬ್ಬಿನ ಕೋಶಗಳು ಹೋದವು ನಿಜ, ಆದರೆ ಉಳಿದವು ದೊಡ್ಡದಾಗಬಲ್ಲವು. ತೂಕ ಏರಿದರೆ ಮುಟ್ಟದ ಜಾಗದಲ್ಲೂ ಅದು ಕಾಣಿಸಿಕೊಳ್ಳುತ್ತದೆ.

ಸರ್ಜನ್ ಫೋಟೋ ತೋರಿಸಿದರೆ ಎಷ್ಟು ಕಾಲದ ನಂತರ ತೆಗೆದದ್ದು ಅಂತ ಕೇಳಿ. ಆರು ವಾರದ ಫೋಟೋದಲ್ಲಿ ಇನ್ನೂ ಊತ ಇರುತ್ತದೆ, ಸಣ್ಣ ಗುಳಿಗಳೆಲ್ಲ ಅದರಲ್ಲಿ ಮುಚ್ಚಿಹೋಗಿರುತ್ತವೆ. ಒಂದು ವರ್ಷದ ನಂತರದ ಫೋಟೋ ಕೇಳಿ. ಬದಿಯಿಂದ, ಓರೆಯಾಗಿ ನಿಂತು, ಮೊದಲಿನದೇ ಬೆಳಕಿನಲ್ಲಿ ತೆಗೆದದ್ದಾಗಿರಲಿ.