ಹೋಮ್‌ಸ್ಕೂಲ್ ವರ್ಷಕ್ಕೆ ಅಮೆರಿಕದ ಡಬ್ಬಿ ಯಾಕೆ?

ಎಲ್ಲರಿಗೂ ನಮಸ್ಕಾರ. ಮೇ ತಿಂಗಳು ಬಂತು ಅಂದ್ರೆ ಹೋಮ್‌ಸ್ಕೂಲ್ ಮಾಡುವ, ಅಂದ್ರೆ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ, ನಮ್ಮ ಕ್ರೈಸ್ತ ಅಮ್ಮಂದಿರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ. "ಈ ವರ್ಷ ಯಾವ ಕರಿಕ್ಯುಲಮ್ ತರಿಸ್ತಾ ಇದೀರಾ?" ಐದು ವರ್ಷದ ಮಗುವಿಗೆ ರೀ! ಅದಕ್ಕೆ ಅಮೆರಿಕದಿಂದ ಡಬ್ಬಿ ಬರಬೇಕು, ಕಸ್ಟಮ್ಸ್‌ಗೆ ದುಡ್ಡು ಕಟ್ಟಬೇಕು, ಒಳಗೆ 36 ವಾರದ ಪಾಠ ದಿನದಿನಕ್ಕೂ ಹಂಚಿಟ್ಟಿರಬೇಕು.

ಆ ಡಬ್ಬಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ಬರೆದವರು ನಮ್ಮೂರಿನ ಮಗುವಿಗೆ ಅಂತ ಬರೆದಿಲ್ಲ, ಅಷ್ಟೇ. ಅವರ ವರ್ಷ ಶುರುವಾಗುವುದು ಆಗಸ್ಟ್ ಕೊನೆಗೆ. ಅಕ್ಟೋಬರಲ್ಲಿ ಎಲೆ ಉದುರುತ್ತದೆ, ನವೆಂಬರಲ್ಲಿ ಟರ್ಕಿ ಕೋಳಿಗೆ ಬಣ್ಣ ಹಚ್ಚಬೇಕು, ಜನವರಿಯಲ್ಲಿ ಹಿಮದ ಗೊಂಬೆ ಅಂಟಿಸಬೇಕು. ಲೆಕ್ಕದ ಪುಸ್ತಕ ತೆಗೆದರೆ ನಿಕಲ್ಲು, ಡೈಮು ಅಂತ ಅಮೆರಿಕದ ನಾಣ್ಯಗಳು. ಗಾಡಿಯವನಿಗೆ ಇಪ್ಪತ್ತು ರೂಪಾಯಿ ಕೊಟ್ಟು, ಕೊತ್ತಂಬರಿ ಕಟ್ಟು ತಗೊಂಡು, ಚಿಲ್ಲರೆ ಎಣಿಸಿಕೊಂಡು ಬರಬೇಕಾದ ಮಗು ಒಂದು ಡೈಮಿಗೆ ಎಷ್ಟು ಸೆಂಟು ಅಂತ ಬಾಯಿಪಾಠ ಮಾಡುತ್ತಾ ಕೂತಿರುತ್ತದೆ. ಇದಕ್ಕೆ ದುಡ್ಡು ಬೇರೆ ಕೊಡಬೇಕಾ?

ಕರಿಕ್ಯುಲಮ್ ಆಮೇಲೆ ನೋಡೋಣ, ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ. ಈ ವರ್ಷ, 2026ರಲ್ಲಿ, ಜೂನ್ 1 ಸೋಮವಾರ ಬಿದ್ದಿದೆ, ನಮ್ಮ ವರ್ಷ ಅವತ್ತು ಶುರು ಮಾಡಿ ಗುಡ್ ಫ್ರೈಡೇಗೆ ಮುಗಿಸೋಣ. ಮುಂದಿನ ಗುಡ್ ಫ್ರೈಡೇ 2027ರ ಮಾರ್ಚ್ 26ಕ್ಕೆ. ಎಣಿಸಿದರೆ 43 ವಾರ ಸಿಗುತ್ತದೆ. ಅದರಲ್ಲಿ 32 ವಾರಕ್ಕೆ ಮಾತ್ರ ಪಾಠ ಬರೆಯಿರಿ, ಅದೂ ಪೆನ್ಸಿಲಲ್ಲಿ. ಉಳಿದದ್ದು ಎಲ್ಲಿ ಹೋಗುತ್ತದೆ ಅಂತ ಚಿಂತೆ ಬೇಡ, ತಾನಾಗೇ ಹೋಗುತ್ತದೆ. ಮಳೆಗಾಲದಲ್ಲಿ ದೊಡ್ಡವನಿಗೆ ಬಂದ ಜ್ವರ ಚಿಕ್ಕವಳಿಗೆ ಬಂದು, ಅವಳಿಂದ ಅಮ್ಮನಿಗೆ ಬರುವಷ್ಟರಲ್ಲಿ ಎರಡು ವಾರ ಮುಗಿದಿರುತ್ತದೆ. ಆಮೇಲೆ ಮದುವೆಗಳು, ಊರಿಂದ ಬರುವ ನೆಂಟರು. 36 ವಾರದ ಡಬ್ಬಿ ಕೊಂಡವರು ಈ ಟೈಮಲ್ಲಿ "ನಾವು ಹಿಂದೆ ಬಿದ್ದೆವು" ಅಂತ ಅಳುತ್ತಾರೆ. ಯಾರಿಗಿಂತ ಹಿಂದೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಹಂತ ಅಂತ ಇಟ್ಟು, ಆಟದಲ್ಲೇ ಕಲಿಸಿ ಅನ್ನುತ್ತದೆ. ಈ ವಯಸ್ಸಿಗೆ ಕೂತು ಮಾಡುವ ಪಾಠ ದಿನಕ್ಕೆ ಒಂದೂವರೆ ಗಂಟೆ ಧಾರಾಳ ಸಾಕು, ಅದೂ ಹತ್ತು ಹದಿನೈದು ನಿಮಿಷದ ತುಂಡುಗಳಲ್ಲಿ.

ಇನ್ನು ಆ ವಾರಗಳಲ್ಲಿ ಏನು ಮಾಡುವುದು? ನಮ್ಮ ಸಭೆಯ, ಅಂದ್ರೆ ಚರ್ಚಿನ, ವರ್ಷ ಇದೆಯಲ್ಲ, ಅದನ್ನೇ ಹಿಡಿದುಕೊಳ್ಳಿ. ಜುಲೈ 1 ಕನ್ನಡ ಪತ್ರಿಕಾ ದಿನ. 1843ರಲ್ಲಿ ಅವತ್ತೇ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದರು. ಆ ವಾರ ಮಗು ಒಂದು ಹಾಳೆಯಲ್ಲಿ ಮನೆಯ ಪೇಪರ್ ಮಾಡಲಿ. "ಬೆಕ್ಕು ಹಾಲು ಚೆಲ್ಲಿತು" ಅನ್ನುವುದೇ ಹೆಡ್‌ಲೈನ್ ಆಗಲಿ. ಸೆಪ್ಟೆಂಬರ್ 8ಕ್ಕೆ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಹೂ ಹಿಡಿದು ಚರ್ಚಿಗೆ ಹೋಗುತ್ತಾರೆ, ಮನೆಗೆ ಹೊಸ ತೆನೆ ಬರುತ್ತದೆ. ಒಂದು ತೆನೆ ಬಿಡಿಸಿ ಕಾಳು ಎಣಿಸಿ, ಎರಡು ಕಾಳು ಡಬ್ಬದಲ್ಲಿ ನೆಡಿ. ವಿಜ್ಞಾನ ಅಂತ ಬೇರೆ ಹೆಸರು ಬೇಕಾ?

ನನಗೆ ಎಲ್ಲಕ್ಕಿಂತ ಇಷ್ಟ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಹಾರ್ವೆಸ್ಟ್, ಅಂದ್ರೆ ಸುಗ್ಗಿಯ ಹಬ್ಬ. ಆರಾಧನೆ ಮುಗಿದ ಮೇಲೆ ಜನ ತಂದಿಟ್ಟ ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲಾ ಹರಾಜಿಗೆ ಬರುತ್ತದಲ್ಲ, ಮಗುವಿನ ಕೈಗೆ ಒಂದು ಚೀಟಿ ಕೊಟ್ಟು ಮುಂದೆ ಕೂರಿಸಿ. ಐವತ್ತು, ಎಂಬತ್ತು, ನೂರಿಪ್ಪತ್ತು ಅಂತ ಕೂಗುತ್ತಿದ್ದ ಹಾಗೆ ಅದು ಬರೆದುಕೊಳ್ಳಲಿ. ಅಂಗಡಿಯಲ್ಲಿ ನಲವತ್ತಕ್ಕೆ ಸಿಗುವ ಕಾಯಿಗೆ ಆ ಮಾಮ ಯಾಕೆ ಮುನ್ನೂರು ಕೊಟ್ಟರು ಅಂತ ಅದು ಕೇಳಿಯೇ ಕೇಳುತ್ತದೆ. ಕಾಣಿಕೆ ಅಂದ್ರೆ ಏನು ಅಂತ ಹೇಳಿಕೊಡುವುದಕ್ಕೆ ಆ ಪ್ರಶ್ನೆಗಿಂತ ಒಳ್ಳೆ ಸಮಯ ಸಿಗುವುದಿಲ್ಲ.

ಡಿಸೆಂಬರಿಗೆ ಬರೋಣ. ಬೈಬಲಿನ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ, ದಿನಕ್ಕೊಂದು ಓದಿದರೆ ಕ್ರಿಸ್ಮಸ್ ಹಿಂದಿನ ದಿನಕ್ಕೆ ಸರಿಯಾಗಿ ಮುಗಿಯುತ್ತದೆ ಅಂತ ಒಂದು ಪ್ಲಾನ್ ಎಲ್ಲಾ ಕಡೆ ಓಡಾಡುತ್ತದೆ. ದೊಡ್ಡವರಿಗೆ ಚೆನ್ನಾಗಿದೆ. ಚಿಕ್ಕ ಮಕ್ಕಳಿಗೆ ಮಾಡಿ ನೋಡಿ, ಮನೆಯಲ್ಲಿ ನಕ್ಷತ್ರ ತೂಗುಹಾಕಿ ಕೇಕಿಗೆ ಹಣ್ಣು ನೆನೆಹಾಕಿರುವಾಗ 23ನೇ ತಾರೀಕು ಶಿಲುಬೆಗೆ ಹಾಕಿದ ಅಧ್ಯಾಯ ಬರುತ್ತದೆ! ಮೊದಲ ಎರಡು ಅಧ್ಯಾಯ ಸಾಕು, ಎರಡೂ ಸೇರಿ 132 ವಚನ. ಅಡ್ವೆಂಟ್, ಅಂದ್ರೆ ಕ್ರಿಸ್ಮಸ್ಸಿಗೆ ಕಾಯುವ ಕಾಲ, ಈ ಸಲ ನವೆಂಬರ್ 29ಕ್ಕೆ ಶುರು. ನಾಲ್ಕು ವಾರ ನಿಧಾನವಾಗಿ ಓದಿ, ಸ್ನಾನಿಕ ಯೋಹಾನನ ಅಪ್ಪ ಜಕರೀಯನ ಮಾತು ನಿಂತುಹೋದದ್ದನ್ನು ಆಟವಾಡಿ ತೋರಿಸಿ, ಆಮೇಲೆ ಅಡುಗೆಮನೆಗೆ ನಡೆಯಿರಿ. ಕ್ರಿಸ್ಮಸ್ ತಿಂಡಿ ಕುಲ್‌ಕುಲ್ ಮಾಡುವಾಗ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಹೆಬ್ಬೆರಳಲ್ಲಿ ಒತ್ತಿ ಸುರುಳಿ ಮಾಡಬೇಕಲ್ಲ, ಅಕ್ಷರ ತಿದ್ದುವ ಬೆರಳಿಗೆ ಅದಕ್ಕಿಂತ ಒಳ್ಳೆ ವ್ಯಾಯಾಮ ಬೇಕಾ? ಒತ್ತಿದ್ದು ಜಾಸ್ತಿಯಾದರೆ ಹಿಟ್ಟು ಫೋರ್ಕಿಗೇ ಅಂಟಿಕೊಳ್ಳುತ್ತದೆ, ಯಾರೂ ಬೈಯದೇ ಮಗು ತಾನೇ ಸರಿಮಾಡಿಕೊಳ್ಳುತ್ತದೆ.

ಇನ್ನೊಂದು ಮಾತು ಖಾರವಾಗಿಯೇ ಹೇಳುತ್ತೇನೆ. ಬೈಬಲನ್ನು ಸಬ್ಜೆಕ್ಟ್ ಮಾಡಬೇಡಿ. ಒಂಬತ್ತರಿಂದ ಒಂಬತ್ತೂವರೆ ಬೈಬಲ್, ಶುಕ್ರವಾರ ವಚನದ ಟೆಸ್ಟ್, ತಪ್ಪಾದರೆ ಸ್ಟಿಕ್ಕರ್ ಇಲ್ಲ, ಇದೆಲ್ಲ ಯಾಕೆ? ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಿ ಅನ್ನುತ್ತದೆ. ಅಲ್ಲೆಲ್ಲೂ ವರ್ಕ್‌ಶೀಟ್ ಇಲ್ಲ.

ಮತ್ತೆ ಕನ್ನಡ. ಅಜ್ಜಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಾರೆ, ಸಭೆಯಲ್ಲಿ ಕೀರ್ತನೆ ಕನ್ನಡದಲ್ಲಿ, ಮಗುವಿಗೆ ಮಾತ್ರ ಎಲ್ಲಾ ಇಂಗ್ಲಿಷ್ ಪುಸ್ತಕ. ಕನ್ನಡ ಪುಸ್ತಕ ಸಿಗುವುದಿಲ್ಲ ಅನ್ನಬೇಡಿ. ಸರ್ಕಾರದ ನಲಿ-ಕಲಿ ಪುಸ್ತಕಗಳಿವೆ, ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಪಠ್ಯಪುಸ್ತಕಗಳು ಪುಕ್ಕಟೆ ಸಿಗುತ್ತವೆ. ದಿನಕ್ಕೆ ಹದಿನೈದು ನಿಮಿಷ ಕೊಡಿ.

ಸಭೆಯ ಆಂಟಿಯರು ಕೇಳುತ್ತಾರೆ. "ನಮ್ಮದೇ ಮಿಷನ್ ಸ್ಕೂಲ್ ಇರೋವಾಗ ಮಗೂನ ಮನೇಲಿ ಯಾಕಮ್ಮಾ ಕೂರಿಸ್ಕೊಂಡಿದೀಯಾ?" ನ್ಯಾಯವಾದ ಪ್ರಶ್ನೆಯೇ. ಪಕ್ಕದ ಮನೆಯ ಮಕ್ಕಳ ಗಾಳಿ ಸೋಕಬಾರದು ಅಂತ ನೀವು ಹೋಮ್‌ಸ್ಕೂಲ್ ಮಾಡುತ್ತಿದ್ದರೆ ನನ್ನ ಉತ್ತರ ಒಂದೇ, ಮಿಷನ್ ಸ್ಕೂಲಿಗೇ ಸೇರಿಸಿ. ಸಂಜೆ ನಾಲ್ಕಕ್ಕೆ ಬೀದಿಯಲ್ಲಿ ಆಡದ, ದೀಪಾವಳಿಗೆ ಪಕ್ಕದ ಮನೆಯ ಹೋಳಿಗೆ ತಿನ್ನದ ಮಗುವನ್ನು ಯಾವ ಟೈಮ್‌ಟೇಬಲ್ಲೂ ಉಳಿಸುವುದಿಲ್ಲ. ಹತ್ತಿರ ಕೂತು ನಿಧಾನವಾಗಿ ಓದಿಸಬೇಕು ಅನ್ನುವ ಆಸೆಗೆ ಮಾಡುತ್ತಿದ್ದರೆ, ಸಂತೋಷ.

ಕೊನೆಗೆ, ಎಲ್ಲರೂ ಹೆದರುವ ಕಾನೂನಿನ ವಿಷಯ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ಶಾಲೆಗೆ ಸೇರಿಸುವುದು ಅಪ್ಪ ಅಮ್ಮನ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಅಪ್ಪ ಅಮ್ಮನಿಗೆ ದಂಡ ಅಂತ ಆ ಕಾಯ್ದೆಯಲ್ಲಿ ಇಲ್ಲ, ಹೋಮ್‌ಸ್ಕೂಲಿಗೆ ಅಂತ ಬೇರೆ ಕಾನೂನೂ ಇಲ್ಲ. ಮುಂದೆ ಸರ್ಟಿಫಿಕೇಟ್ ಬೇಕಾದಾಗ ಎನ್‌ಐಒಎಸ್ ಇದೆ, ಶಾಲೆಗೆ ಹೋಗದವರಿಗೂ ಪರೀಕ್ಷೆ ನಡೆಸುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಮೂರನೇ, ಐದನೇ, ಎಂಟನೇ ಕ್ಲಾಸಿಗೆ ಸಮವಾದ ಎ, ಬಿ, ಸಿ ಲೆವೆಲ್, ಹದಿನಾಲ್ಕು ತುಂಬಿದ ಮೇಲೆ ಹತ್ತನೇದು. ಐದು ವರ್ಷದ ಮಗುವಿನ ಅಮ್ಮ ಇವತ್ತು ಮಾಡಬೇಕಾದ್ದು ಒಂದು ಫೈಲ್ ಮಾತ್ರ. ಬರ್ತ್ ಸರ್ಟಿಫಿಕೇಟಿನ ಹಿಂದೆ ಆ ಮನೆಯ ಪೇಪರ್, ಹರಾಜಿನ ಚೀಟಿ, ಎಲ್ಲಾ ತಾರೀಕು ಹಾಕಿ ಸೇರಿಸುತ್ತಾ ಹೋಗಿ. ನಿಮ್ಮ ಸಭೆಯಲ್ಲಿ ಹಾರ್ವೆಸ್ಟ್ ಯಾವ ತಿಂಗಳು ಅಂತ ಕಾಮೆಂಟಲ್ಲಿ ಹಾಕಿ.